ಮರಿ ನಿಮ್ಮದು, ಹೆಣ ನಮ್ಮದೇ?

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಿಗಾದರೂ ಹೋಗ್ರಿ. ನಾಯಿ ಈದರೆ ಗಂಡುಮರಿ ಮನೆಗೆ. ಹೆಣ್ಣುಮರಿ ಗೋಣಿಚೀಲದಾಗ ತುಂಬಿ ನಮ್ಮ ಕೇರಿಯ ಬದಿಗೆ. ಜಾತಿನಾಯಿ ಎಂದು ಹೆಮ್ಮೆಯಿಂದ ತಂದದ್ದಕ್ಕೂ ಕಜ್ಜಿ ಹತ್ತಿದರೆ ಅದೇ ಗತಿ. (ನಾಯಿಗೂ ಜಾತಿ ಹಚ್ಚಿದ ದೇಶವಿದು!) ಸತ್ತು ನಾರಿದಾಗ ಮಾತ್ರ ಪೌರಕಾರ್ಮಿಕನ ನೆನಪು. ಆತ ಯಾವ ಕೇರಿಯವನೆಂದು ಬೇರೆ ಹೇಳಬೇಕೇ?

ನಾಯಿಯ ಮೇಲೆ ನಮಗೆ ಸಿಟ್ಟಿಲ್ಲ. ಚಾಂಡಾಲರಿಗೆ ನಾಯಿ, ಕತ್ತೆಗಳೇ ಸಂಪತ್ತು, ಊರ ಹೊರಗೇ ವಾಸ ಎಂದದ್ದು ಮನುಸ್ಮೃತಿ. 1927ರ ಮಾರ್ಚಿನಲ್ಲಿ ಮಹಾಡದಲ್ಲಿ, ದನಕರು ಕುಡಿಯುತ್ತಿದ್ದ ಚವದಾರ ಕೆರೆಯ ನೀರನ್ನು ನಮ್ಮವರು ಮುಟ್ಟಿದ್ದಕ್ಕೆ ಬಡಿಗೆಯ ಏಟು ಬಿದ್ದವು. ಡಿಸೆಂಬರ್ 25ರಂದು ಆ ಮನುಸ್ಮೃತಿಯನ್ನು ಅಲ್ಲೇ ಸುಟ್ಟರು. ಆದರೂ, 1925ರಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಬಂದಿದ್ದ ಬಾಬಾಸಾಹೇಬರು ನಾಯಿಯನ್ನು ದ್ವೇಷಿಸಲಿಲ್ಲ. 1934ರ ರಾಜಗೃಹದ ಕುಟುಂಬದ ಚಿತ್ರದಲ್ಲಿ ಟಾಬಿ ಎಂಬ ನಾಯಿಯೂ ಇದೆ.

ಬಿಸ್ಕೀಟು ಒಗೆದು ಹೋಗುವುದು ಸಾಕುವುದಲ್ಲ. ಬೀದಿನಾಯಿಗೆ ಸಂತಾನಹರಣ, ಲಸಿಕೆ ಮಾಡಿಸುವ ಹೊಣೆಯನ್ನು 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳ ಮೇಲೆ ಹಾಕಿವೆ. ಗೊತ್ತುಪಡಿಸಿದ ಜಾಗದಲ್ಲೇ ಊಟ ಹಾಕಬೇಕೆಂದು 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಹೇಳಿತು. ಆ ಜಾಗ ಯಾವುದು? ನಮ್ಮ ಕೇರಿಯ ಬಾಯಾಗೇ ಗುರುತು ಹಾಕಬ್ಯಾಡ್ರಿ! ನಸುಕಿನಾಗ ಕಬ್ಬು ಕಡಿಯಾಕ ಹೋಗುವ ಹೆಣ್ಣುಮಗಳಿಗೆ ನಾಯಿ ಕಚ್ಚಿದರೆ ನಾಲ್ಕೈದು ಸಲ ಸೂಜಿಗೆ ಅಲೆಯಬೇಕು. ಅಷ್ಟು ದಿನದ ಕೂಲಿ ಯಾರು ಕೊಡ್ತಾರ?

ಮಾಸ್ತರರೇ, ಕಚ್ಚಿದ ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ತೊಳೆದು ದವಾಖಾನೆಗೆ ಓಡಲು ಮಕ್ಕಳಿಗೆ ಕಲಿಸಿರಿ. ನಾಯಿ ಸಾಕಿದ ಧಣಿಗಳೇ, ಹೆಣ್ಣುಮರಿಯನ್ನೂ ಮನೆಯಾಗ ಇಟಗೊಳ್ರಿ. ಅದು ಸತ್ತಾಗ ಕುಣಿ ನೀವೇ ತೋಡ್ರಿ.