ಅಜ್ಜಿಯ ಭರಣಿ

ತುಂಬಿದ ಮನೆಯ ಹಿರಿಯಳೊಬ್ಬಳು ಕಣ್ಮುಚ್ಚಿದಾಗ ಬಂದವರೆಲ್ಲ ಆಡುವ ಮಾತು ಸಾಮಾನ್ಯವಾಗಿ ಒಂದೇ: "ಪುಣ್ಯವಂತೆ, ಸಹನಾಮೂರ್ತಿ, ಮನೆಗಾಗಿ ಬಾಳು ಸವೆಸಿದಳು." ಮಾತು ಸುಳ್ಳಲ್ಲ. ಆದರೆ ಈ ವಿಶೇಷಣಗಳು ಎಲ್ಲ ಅಜ್ಜಿಯರಿಗೂ ಒಪ್ಪುವಂಥವು; ಆದುದರಿಂದಲೇ ಒಬ್ಬ ಅಜ್ಜಿಯ ಪರಿಚಯವನ್ನೂ ಅವು ಮಾಡಿಕೊಡಲಾರವು. ಆಕೆ ಸಹಿಸಿದ್ದನ್ನು ನೆನೆಯುತ್ತೇವೆ. ಆಕೆ ಬಲ್ಲದ್ದನ್ನು ಮರೆಯುತ್ತೇವೆ.

ಕಳೆದ ವರ್ಷ ತೀರಿಕೊಂಡ ನನ್ನ ತಂದೆಯ ತಾಯಿಯ ಮಾತನ್ನೇ ಹೇಳುತ್ತೇನೆ. 1952ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಸಾಗರ ಸೀಮೆಯ ಶರಾವತಿ ಕಣಿವೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದವಳು ಆಕೆ. ಹೊಳೆಯಂಚಿನಲ್ಲಿ ಅಪ್ಪೆಮಾವಿನ ಮರಗಳಿದ್ದುವು. ಮಿಡಿಯ ತೊಟ್ಟು ಮುರಿದು, ಸೊನೆಯ ಪರಿಮಳವನ್ನು ಮೂಸಿ, ಅದು ಯಾವ ಮರದ್ದೆಂದು ಹೇಳಬಲ್ಲವಳಾಗಿದ್ದಳು. ಯಾವುದರ ಮಿಡಿ ಬೇಗ ಮೆತ್ತಗಾಗುವುದು, ಯಾವುದರದು ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿ ನಿಲ್ಲುವುದು ಎಂಬುದೂ ಆಕೆಗೆ ತಿಳಿದಿತ್ತು.

ಜಲವಿದ್ಯುತ್ತಿಗಾಗಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ನಮ್ಮದೂ ಒಂದು. ಪರಿಹಾರದ ಹಳೆಯ ಕಾಗದವೊಂದು ಮನೆಯ ಪೆಟ್ಟಿಗೆಯಲ್ಲಿ ಇಂದಿಗೂ ಇದೆ. ಗದ್ದೆ, ಅಡಕೆ ಮರ, ಮನೆ, ಬಾವಿ ಎಲ್ಲವೂ ಅದರಲ್ಲಿವೆ. ಎಲ್ಲವೂ ಅಜ್ಜನ ಹೆಸರಿನಲ್ಲಿವೆ. ಅಜ್ಜಿಯ ಹೆಸರು ಎಲ್ಲಿಯೂ ಇಲ್ಲ. ಆಕೆಯ ಸ್ವತ್ತನ್ನು ಅಳೆಯುವ ಹಗ್ಗವಾದರೂ ಎಲ್ಲಿತ್ತು?

ಶಿವಮೊಗ್ಗದ ಕಡೆಯ ಹೊಸ ನೆಲಕ್ಕೆ ಹೊರಟಾಗ ಗಾಡಿಯಲ್ಲಿ ಆಕೆ ತಾನಾಗಿ ಇರಿಸಿಕೊಂಡದ್ದು ಅರಿಸಿನದ ಗಡ್ಡೆ, ಬಸಳೆಯ ಬಳ್ಳಿ, ಮಲ್ಲಿಗೆಯ ಕಡ್ಡಿ ಮತ್ತು ಉಪ್ಪುನೀರಿನ ಮಿಡಿ ತುಂಬಿದ ಒಂದು ದೊಡ್ಡ ಭರಣಿ. ಗದ್ದೆಯಿನ್ನೂ ಹದಕ್ಕೆ ಬಾರದ ಆ ಮೊದಲ ಮಳೆಗಾಲದಲ್ಲಿ ಹದಿನಾಲ್ಕು ಮಂದಿಯ ಹೊಟ್ಟೆ ಹೊರೆದದ್ದು ಆಕೆಯ ಎಣಿಕೆ. ಭರಣಿಯ ಮಿಡಿ ನೆಂಟರಿಗಲ್ಲ. ಜ್ವರ ಬಿಟ್ಟು ಬಾಯಿ ಕೆಟ್ಟವರ ಗಂಜಿಗೆ ಮಾತ್ರ. ನಾಡಿಗೆ ಬೆಳಕು ಕೊಡುವ ಯೋಜನೆಗಾಗಿ ಮನೆ ಬಿಟ್ಟವಳು ಬಹು ವರ್ಷ ಚಿಮಣಿ ದೀಪದಲ್ಲಿಯೇ ಅಡಿಗೆ ಮಾಡಿದಳು.

"ಅಜ್ಜೀ, ಆ ಮಾವಿನ ಬೀಜವನ್ನು ತಂದು ಹಾಕಬಹುದಿತ್ತಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಬೀಜ ಹಾಕಿದರೆ ಮರ ಬರುತ್ತದೆ ತಮ್ಮಾ, ಆ ಪರಿಮಳ ಬರುವುದಿಲ್ಲ. ಕಡ್ಡಿ ತಂದು ಕಸಿ ಕಟ್ಟಬೇಕಿತ್ತು. ಯಾವ ಮರ ಅಂತ ನನ್ನನ್ನು ಯಾರೂ ಕೇಳಲಿಲ್ಲ" ಎಂದಳು. ದೂರುವ ದನಿ ಅದಾಗಿರಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿದಳು, ಅಷ್ಟೆ.

ಕೇಳದಿರುವುದು ನಮ್ಮೊಂದು ಮನೆಯ ರೂಢಿಯಲ್ಲ. ಅಗ್ನಿದುರಂತವೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿಗಳೆಂದೂ, ಅರುವತ್ತು ದಾಟಿದ ವೃದ್ಧೆಯರ ಸೇವೆಗೆ ವರ್ಷಕ್ಕೆ 20,000 ರೂಪಾಯಿಗಳೆಂದೂ ಬೆಲೆ ಕಟ್ಟಿತು. ಅಷ್ಟಾದರೂ ಬೆಲೆಯುಂಟೆಂದು ಒಪ್ಪಿತು. 2024ರ ರಾಷ್ಟ್ರೀಯ ಕಾಲವಿನಿಯೋಗ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ವ್ಯಯಿಸಿದರೆ, ಪುರುಷರು 88 ನಿಮಿಷಗಳನ್ನು ವ್ಯಯಿಸುತ್ತಾರೆ. ನಿಮಿಷಗಳನ್ನೂ ರೂಪಾಯಿಗಳನ್ನೂ ಎಣಿಸುವುದು ಒಳ್ಳೆಯದೇ. ಆದರೆ ಹದಿನಾಲ್ಕು ಮಂದಿಯ ಮಳೆಗಾಲವನ್ನು ದಾಟಿಸಿದ ವಿವೇಕಕ್ಕೆ ಗಡಿಯಾರವು ಸಾಕ್ಷಿ ನುಡಿಯಲಾರದು.

"ಅಮ್ಮನದು ತ್ಯಾಗದ ಬಾಳು" ಎನ್ನುವುದರಲ್ಲಿ ನಮಗೊಂದು ಅನುಕೂಲವೂ ಉಂಟು. ತ್ಯಾಗಕ್ಕೆ ಕೈಮುಗಿದರೆ ಸಾಕು. ವಿದ್ಯೆಯೆಂದು ಒಪ್ಪಿದರೆ ಪಕ್ಕದಲ್ಲಿ ಕುಳಿತು ಕಲಿಯಬೇಕಾಗುತ್ತದೆ.

ವಾಚಕರ ಮನೆಗಳಲ್ಲಿ ಇಂಥ ಹಿರಿಯರು ಇನ್ನೂ ಇದ್ದಾರು. ಹಾಗಿದ್ದರೆ ಈ ಭಾನುವಾರ ಅವರ ಬಳಿ ಕುಳಿತು ಕೇಳಿ: ಬಾಣಂತಿಗೆ ಏನನ್ನು ಯಾವ ದಿನ ಕೊಡುತ್ತಿದ್ದರು, ಬರಗಾಲದ ವರ್ಷ ಒಲೆ ಹೇಗೆ ಉರಿಯಿತು, ಯಾವ ಮರದ ಕಾಯಿ ಯಾವುದಕ್ಕೆ ಆಗುತ್ತಿತ್ತು? ಹೇಳಿದ್ದನ್ನು ಅವರ ಹೆಸರಿನಲ್ಲಿಯೇ ಬರೆದಿಡಿ. ಮಾಲೆ ಹಾಕಿದ ಪಟವು ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ.