ಮೂರು ಚುಚ್ಚುಮದ್ದಿಗೇ ನಿಲ್ಲಿಸಬೇಡಿ



ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದನ್ನು ನಮ್ಮ ಊರುಗಳಲ್ಲಿ ಬಹಳ ಜನ ತಪ್ಪಿಸುವುದಿಲ್ಲ. ಬಾಣಂತಿ ಮನೆಯಲ್ಲೇ ಇರುತ್ತಾಳೆ, ಆಶಾ ಕಾರ್ಯಕರ್ತೆ ಬಾಗಿಲಿಗೇ ಬಂದು ಕರೆಯುತ್ತಾರೆ. ಆಮೇಲೆ ಮಗು ಓಡಾಡತೊಡಗುತ್ತದೆ, ತಾಯಿ ಕೆಲಸಕ್ಕೆ ಹೊರಡುತ್ತಾಳೆ, ಚುಚ್ಚುಮದ್ದಿನ ವಿವರವಿರುವ ತಾಯಿ ಕಾರ್ಡು ಬೀರುವಿನ ತಳ ಸೇರುತ್ತದೆ. ಮುಂದಿನ ಸೂಜಿ ಮರೆತುಹೋಗುವುದು ಆಗಲೇ.

ಮೊದಲ ಮೂರು ಡೋಸಿನ ಬಲ ವರ್ಷ ಕಳೆದಂತೆ ಇಳಿಯುತ್ತದೆ. ಅದಕ್ಕೇ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಲಸಿಕೆಯ ಒಂದು ಬೂಸ್ಟರ್ 16ರಿಂದ 24 ತಿಂಗಳೊಳಗೆ, ಇನ್ನೊಂದು 5ರಿಂದ 6 ವರ್ಷದೊಳಗೆ. 10 ಮತ್ತು 16ನೇ ವರ್ಷಕ್ಕೆ ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ.

ಗಂಟಲಮಾರಿ ಹಳೇ ಕಾಲದ ರೋಗ ಅನ್ನುತ್ತೀರಾ? ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2016ರಲ್ಲಿ ಅದು ಹಬ್ಬಿ ಮಕ್ಕಳು ಸತ್ತರು. ಓದುಬರಹ ಬಲ್ಲ ಕೇರಳದಲ್ಲಿ! ಈಗ ಈ ರೋಗ ಕೂಸುಗಳಿಗಿಂತ ಶಾಲೆಗೆ ಹೋಗುವ ಮಕ್ಕಳಲ್ಲೇ ಹೆಚ್ಚು. ಗಂಟಲೊಳಗೆ ಬೂದು ಬಣ್ಣದ ಪೊರೆ ಕಟ್ಟಿ ಉಸಿರು ಸಿಕ್ಕಿಕೊಳ್ಳುತ್ತದೆ, ರೋಗಾಣುವಿನ ವಿಷ ಹೃದಯಕ್ಕೆ ಇಳಿಯುತ್ತದೆ. ಆ ವಿಷಕ್ಕೆ ಪ್ರತಿಮದ್ದು ಇದೆ. ಆದರೆ ಅದನ್ನು ಬೇಗ ಕೊಡಬೇಕು, ಎಲ್ಲ ಆಸ್ಪತ್ರೆಯಲ್ಲೂ ಅದು ಸಿಗುವುದಿಲ್ಲ.

ನಾಯಿಕೆಮ್ಮು ದೊಡ್ಡ ಮಕ್ಕಳನ್ನು ವಾರಗಟ್ಟಲೆ ಕಾಡಿ ಬಿಡುತ್ತದೆ. ಅದೇ ಕೆಮ್ಮು ತೊಟ್ಟಿಲ ಕೂಸಿಗೆ ಅಂಟಿದರೆ ಜೀವಕ್ಕೇ ಅಪಾಯ. ಅಣ್ಣನಿಗೆ ಹಾಕಿಸಿದ ಸೂಜಿ ತಂಗಿಯನ್ನೂ ಕಾಯುತ್ತದೆ.

ಧನುರ್ವಾಯು ಹಾಗಲ್ಲ, ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮಣ್ಣು ಸಗಣಿಯಲ್ಲಿರುವ ರೋಗಾಣು ಗಾಯದೊಳಗೆ ಹೋದರೆ ಬರುತ್ತದೆ. ಹಾಗಾಗಿ ಊರಿನವರೆಲ್ಲ ಹಾಕಿಸಿಕೊಂಡಿದ್ದರೂ ಹಾಕಿಸದ ನಿಮ್ಮ ಮಗುವಿಗೆ ರಕ್ಷಣೆ ಇಲ್ಲ. ಮೊಳೆ ಚುಚ್ಚಿದ ಮೇಲೆ ಧನುರ್ವಾಯು ಸೂಜಿಗೆ ಓಡುವ ನಾವು, ಗಾಯವಾಗುವ ಮೊದಲೇ ಪುಕ್ಕಟೆ ಸಿಗುವುದನ್ನು ಬಿಡುತ್ತೇವೆ.

‘ಸೂಜಿ ಹಾಕಿಸಿದರೆ ಜ್ವರ ಬರುತ್ತೆ’ ಎಂದು ಅಜ್ಜಿಯಂದಿರು ಹೇಳುವುದು ಸುಳ್ಳಲ್ಲ. ಡಿಪಿಟಿ ಹಾಕಿಸಿದ ಜಾಗ ಊದಬಹುದು, ಮೈ ಬಿಸಿಯಾಗಬಹುದು, ಮಗು ರಾತ್ರಿಯೆಲ್ಲ ಅಳಲೂಬಹುದು. ನರ್ಸ್ ಹೇಳಿದಷ್ಟು ಪ್ಯಾರಾಸಿಟಮಾಲ್ ಕೊಡಿ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ, ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಶಾಲೆಗೆ ಸೇರಿಸುವ ಮೊದಲು ಐದು ವರ್ಷದ ಡೋಸ್ ಆಗಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿ. ತಡವಾಯಿತೆಂದು ಸಂಕೋಚಪಡಬೇಡಿ, ಮತ್ತೆ ಮೊದಲಿನಿಂದ ಶುರುಮಾಡಬೇಕಿಲ್ಲ. ಡಿಪಿಟಿಯನ್ನು ಏಳು ವರ್ಷದೊಳಗೆ ಹಾಕಿಸಬಹುದು, ಅದು ದಾಟಿದ್ದರೆ ಟಿಡಿ ಕೊಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡಕ್ಕೂ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.