ಎಷ್ಟು ಬೇಕಂತ ಕೇಳಬ್ಯಾಡ್ರಿ, ತಾಟ ನೋಡ್ರಿ

ಮನಿಗೆ ಬೀಗರು ಬಂದಾಗ "ಇನ್ನೊಂದು ಚಪಾತಿ ಹಾಕಲೇನ್ರಿ?" ಅಂದ್ರ "ಸಾಕ್ರಿ, ಸಾಕು" ಅಂತಾರ. ಅಷ್ಟಕ್ಕ ಸುಮ್ಮನಾದ್ರ ಪಾಪ, ಅರ್ಧ ಹೊಟ್ಟೀಲೆ ಏಳ್ತಾರ. ಬಡಿಸೋದು ಗೊತ್ತಿದ್ದಾಕಿ ತಾಟ ನೋಡ್ತಾಳ. ಪಲ್ಯಾ ಉಳದದ, ಚಪಾತಿ ಮುಗದದ ಅಂದ್ರ ಆಕಿಗೆ ತಿಳೀತದ. ಫೋನಿನಾಗಿನ ಆ್ಯಪ್ ಮಾಡೋ ಮಂದಿಗೂ ಇದನ್ನ ಹೇಳಬೇಕು ಅಂತ ನನಗ ಅನಸ್ತದ.

ಆ್ಯಪ್ ಕಟ್ಟೋಕಿಂತ ಮೊದಲ, ಬಳಸೋರಿಗೆ ಏನು ಬೇಕು ಅಂತ ತಿಳಕೊಳ್ಳೋದು ಒಂದು ದೊಡ್ಡ ಕೆಲಸಂತ. ಸಾಫ್ಟ್‌ವೇರಿನಾಗಿರೋ ಮಗಳು ಹೇಳಿದ್ಲು. ಛಲೋನ ಆತು. ಆದ್ರ ಕೇಳೋದು ಯಾರನ್ನ? ಎಲ್ಲೆ ಕೂತು?

ಗ್ಯಾಸಿಂದ ತಗೋರಿ. ಸಿಲಿಂಡರ್ ತಂದಾಂವ ಬಾಗಲಾಗ ನಿಂತು ಕೋಡ್ ಕೇಳ್ತಾನ. ಅದು ಹೋಗೋದು ಕನೆಕ್ಷನ್ನಿಗೆ ಜೋಡಿಸಿದ ನಂಬರಿಗೆ. ಎಷ್ಟೋ ಮನ್ಯಾಗ ಅದು ಯಜಮಾನರ ನಂಬರ್. ಅವರು ಆಫೀಸಿನಾಗೋ ಹೊಲದಾಗೋ ಇರ್ತಾರ. ಸಿಲಿಂಡರ್ ಬ್ಯಾರೆಯವರ ಪಾಲಾಗಬಾರದು ಅಂತ ಮಾಡಿದ್ದು, ಉದ್ದೇಶ ಖರೇನ ಛಲೋ ಅದ. ಆದ್ರ ಒಲಿ ಮುಂದ ನಿಲ್ಲಾಕಿ ಒಬ್ಬಾಕಿ, ಫೋನ್ ಇಟಗೊಂಡಾಂವ ಇನ್ನೊಬ್ಬಾಂವ ಅನ್ನೋದು ಆಫೀಸಿನಾಗ ಕೂತ್ರ ಕಾಣಂಗಿಲ್ಲ. ಒಂದು ಮುಂಜಾನೆ ನಮ್ಮ ಪಡಸಾಲ್ಯಾಗ ಕೂತ್ರ ಕಾಣ್ತದ.

ನೋಡಿ ಮಾಡಿದ್ರ ಹೆಂಗಿರ್ತದ ಅನ್ನೋದಕ್ಕ ಕಾಯಿಪಲ್ಯಾ ಮಾರೋಕಿಯ ಬಾಜೂಕ ಇರೋ ಡಬ್ಬಿ ನೋಡ್ರಿ. ಇಷ್ಟು ರೂಪಾಯಿ ಬಂತು ಅಂತ ಅದ ಒದರತದ. ಆಕಿದು ಒಂದು ಕೈಯಾಗ ತಕ್ಕಡಿ, ಇನ್ನೊಂದು ಕೈ ಹಸಿ. ಮೆಸೇಜ್ ಓದಲಿಕ್ಕೆ ಪುರುಸೊತ್ತೆಲ್ಲದ? ಕಣ್ಣಿನ ಕೆಲಸ ಕಿವಿಗೆ ಕೊಟ್ರು, ಮುಗೀತು. ಯುಪಿಐ ಶುರು ಆದದ್ದು 2016ರಾಗ. ಕೀಪ್ಯಾಡ್ ಫೋನಿನವರು ಬರೇ ಕರೆ ಮಾಡಿ ರೊಕ್ಕ ಕಳಸಬಹುದಾದ ಯುಪಿಐ 123ಪೇ 2022ರಾಗ ಬಂತು. ಮನಸ್ಸು ಮಾಡಿದ್ರ ಆಗ್ತದ.

"ನಾವು ಕೇಳ್ತೀವಲ್ಲ, ಕಡೀಗೆ ಐದು ಸ್ಟಾರ್ ಕೊಡ್ರಿ ಅಂತ" ಅಂತಾರ. ಆ ಸ್ಟಾರ್ ಕಾಣೋದು ಕೆಲಸ ಮುಗಿಸಿದವರಿಗೆ. ನಡುವ ಅಂಜಿ ಬಿಟ್ಟಾಕಿನ್ನ ಯಾರು ಕೇಳಿದ್ರು? ಕೇಳಿದ್ರೂ ನಾವು "ಎಲ್ಲಾ ಬರೋಬ್ಬರಿ ಅದರಿ, ನನಗ ತಿಳಿಯಂಗಿಲ್ಲ ಅಷ್ಟ" ಅಂತೀವಿ. ರೊಕ್ಕ ಕಳಸೂಮುಂದ ಪಿನ್ ಹಾಕಬೇಕು, ತಗೊಳ್ಳೂಮುಂದ ಹಾಕಬಾರದು. ಇಷ್ಟು ತಿಳೀದ "ರೊಕ್ಕ ಬರ್ತದ, ಪಿನ್ ಹಾಕ್ರಿ" ಅಂದವರನ್ನ ನಂಬಿ ಎಷ್ಟು ಮಂದಿ ಕಳಕೊಂಡ್ರು! ಮನ್ಯಾಗ ಬೈಸಿಕೊಂಡಾಕಿನೂ ಆಕಿನ. ಪಿನ್ ಕೇಳೂಮುಂದ "ನಿಮ್ಮ ರೊಕ್ಕ ಹೊರಗ ಹೋಗ್ತದ" ಅಂತ ದೊಡ್ಡ ಅಕ್ಷರದಾಗ, ನಮ್ಮ ಭಾಷಾದಾಗ ಬರಬೇಕು ಅಂತ ಆಕಿ ಬಾಜೂಕ ಕೂತಿದ್ರ ತಿಳೀತಿತ್ತು.

ಜೇಕಬ್ ನೀಲ್ಸನ್ ಅನ್ನೋ ತಜ್ಞರು 2000ದಾಗ ಬರದಾರಂತ, ಐದ ಮಂದಿನ್ನ ಕೂಡಿಸಿ ಬಳಸೋಕ ಹಚ್ಚಿದ್ರ ಬಹಳಷ್ಟು ತಪ್ಪು ಕಾಣ್ತಾವ ಅಂತ. ಒಪ್ಪಿದೆ. ಆದ್ರ ಐದೂ ಮಂದಿ ಆಫೀಸಿನ ಹುಡುಗೂರ ಆದ್ರ? ಅವರಾಗ ಒಬ್ಬಾಕಿ ಚಾಳೀಸು ಹುಡುಕೋ ಕಾಕು ಇರಲಿ, ಒಬ್ಬಾಕಿ ಕನ್ನಡ ಅಷ್ಟ ಓದಲಿಕ್ಕೆ ಬರೋಕಿ ಇರಲಿ, ಒಬ್ಬಾಕಿ ಗಂಡನ ಫೋನ್ ಸಂಜಿಗೆ ಕೈಗೆ ಸಿಗೋಕಿ ಇರಲಿ.

ನಮ್ಮದೂ ಒಂದಿಷ್ಟು ಕೆಲಸ ಅದ, ವೈನಿಗೋಳ, ಅಕ್ಕಗೋಳ. ಮಕ್ಕಳು ಬೆಂಗಳೂರಿಂದ ಬಂದಾಗ ಫೋನ್ ಅವರ ಕೈಯಾಗಿಟ್ಟು "ನೀನ ಮಾಡಿಕೊಡಪಾ" ಅನಬ್ಯಾಡ್ರಿ. ಬಾಜೂಕ ಕೂಡಿಸಿಕೊಂಡು ನೀವ ಒತ್ತಿರಿ. ತಲ್ಯಾಗ ಬಂದದ್ದನ್ನ ಬಾಯಿಬಿಟ್ಟು ಹೇಳ್ರಿ: "ಇದು ಹಿಂದಕ್ಕ ಹೋಗೋದೋ, ರೊಕ್ಕ ಹೋಗೋದೋ?" ಅವರು ನಡುವ ಬಾಯಿ ಹಾಕಬಾರದು, ಬರಕೋಬೇಕು ಅಷ್ಟ. ಅವರೊಳಗ ಯಾರರ ಇಂಥಾ ಆ್ಯಪ್ ಮಾಡೋರಿದ್ರ, ಆ ಚೀಟಿ ಅವರ ಆಫೀಸಿನ ಟೇಬಲ್ಲಿಗೆ ಮುಟ್ಟಲಿ.